ಅಜ್ಜನ ಕಾಲದ ಮಾಳಿಗೆ ಮನೆಯನ್ನು ವಾಸಕ್ಕೆ ಅಣಿಗೊಳಿಸುವ ಬಗೆ

ಕುಷ್ಟಗಿ, ಯಲಬುರ್ಗಾ, ಕುಕನೂರು, ಗಂಗಾವತಿ, ಮುದಗಲ್ಲು, ಸಿರುಗುಪ್ಪ, ಊರು ಯಾವುದೇ ಇರಲಿ, ಓದುಗರು ಕೇಳುವ ಪ್ರಶ್ನೆ ಒಂದೇ. "ಅಜ್ಜ ಕಟ್ಟಿಸಿದ ಮಾಳಿಗೆ ಮನೆ ಇದೆ. ಎಷ್ಟೋ ವರ್ಷಗಳಿಂದ ಬೀಗ ಹಾಕಿದ್ದೇವೆ. ಕೆಡವಿ ಆರ್‌ಸಿಸಿ ಕಟ್ಟಿಸಬೇಕೋ, ಇದನ್ನೇ ದುರಸ್ತಿ ಮಾಡಿಸಿ ಮಕ್ಕಳುಮರಿ ಕಟ್ಟಿಕೊಂಡು ಇರಬಹುದೋ?"

ಬಹುಪಾಲು ಮನೆಗಳಲ್ಲಿ ಇರಬಹುದು. ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಅಡಿ ದಪ್ಪದ ಮಣ್ಣಿನ ಮಾಳಿಗೆ (ಸಪಾಟು ಚಾವಣಿ) ನಮ್ಮ ಸೀಮೆಯ ಬಿಸಿಲಿಗೆಂದೇ ಮಾಡಿದವು. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟಿದರೂ ಆ ಕಾವು ಗೋಡೆಯನ್ನು ಹಾದು ಒಳಗೆ ಬರುವಷ್ಟರಲ್ಲಿ ಸಂಜೆ ಕಳೆದಿರುತ್ತದೆ. ಆದರೆ ದುರಸ್ತಿಯ ಹೆಸರಿನಲ್ಲೇ ಹಾಳಾಗುವ ಮನೆಗಳೂ ಬಹಳ. ಅದಕ್ಕೆ ಮುಖ್ಯ ಕಾರಣ ಕೆಲಸದ ಸರದಿ ತಲೆಕೆಳಗಾಗುವುದು. ಜನ ಮೊದಲು ಟೈಲ್ಸ್, ಬಣ್ಣ, ದೀಪಗಳ ಕಡೆ ನೋಡುತ್ತಾರೆ. ಮಾಳಿಗೆ ಸೋರತೊಡಗಿದಾಗ ಹಾಕಿದ ದುಡ್ಡೆಲ್ಲ ನೀರಿನ ಪಾಲಾಗುತ್ತದೆ. ಸರಿಯಾದ ಸರದಿ ಇದು: ಕಾಗದಪತ್ರ, ತಪಾಸಣೆ, ನೆಲದ ನೀರು, ಮಾಳಿಗೆ, ಗೋಡೆ, ಮರ, ಕೊನೆಗೆ ಉಳಿದದ್ದೆಲ್ಲ.

ಕೆಲಸಗಾರರ ಜೊತೆ ಮಾತಾಡಲು ಕೆಲವು ಪದಗಳು ಗೊತ್ತಿರಲಿ. ಎರಡು ಕಂಬಗಳ ಸಾಲಿನ ನಡುವಿನ ಜಾಗ ಅಂಕಣ. ಹಳೆಯ ಮನೆಗಳ ಅಳತೆ ಚದರ ಅಡಿಯಲ್ಲಿ ಅಲ್ಲ, ಅಂಕಣದ ಲೆಕ್ಕದಲ್ಲಿ. ಕಂಬದ ತಲೆಯ ಮೇಲೆ ಕೂರುವ ಕೆತ್ತನೆಯ ಮರದ ತುಂಡು ಬೋದಿಗೆ. ಅದರ ಮೇಲಿನ ದಪ್ಪ ಮರ ತೊಲೆ. ತೊಲೆಗೆ ಅಡ್ಡಲಾಗಿ ಒತ್ತೊತ್ತಾಗಿ ಜೋಡಿಸಿದ ಸಣ್ಣ ಮರಗಳು ಜಂತೆ. ಮಾಳಿಗೆಯ ಅಂಚಿನ ಗಿಡ್ಡ ಗೋಡೆ ಕುಂಬಿ. ಮಾಳಿಗೆಯ ನೀರನ್ನು ಗೋಡೆಯಿಂದ ದೂರಕ್ಕೆ ಬೀಳಿಸುವ ಕಲ್ಲಿನ ಅಥವಾ ತಗಡಿನ ತೂಬು ದೋಣಿ. ನೆಲದೊಳಗಿನ ಧಾನ್ಯದ ಗುಂಡಿ ಹಗೇವು. ಗಾರೆ ಕೆಲಸದವರು ಗೌಂಡಿಗಳು.

1. ಮೊದಲು ಕಾಗದಪತ್ರ

ಒಂದು ಬುಟ್ಟಿ ಮಣ್ಣು ಇಳಿಸುವ ಮೊದಲು ಮನೆ ಯಾರ ಹೆಸರಿನಲ್ಲಿದೆ, ಯಾರ್‍ಯಾರಿಗೆ ಪಾಲಿದೆ ಎಂಬುದು ಇತ್ಯರ್ಥವಾಗಲಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣ ಪಂಚಾಯಿತಿ ಅಥವಾ ಪುರಸಭೆಯದಾದರೆ ಇ-ಆಸ್ತಿ ಖಾತೆ ತೆಗೆಸಿ. ಜೊತೆಗೆ ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಪಡೆಯಿರಿ. ಮನೆಯ ಮೇಲೆ ಸಾಲ, ಅಡಮಾನ, ಮಾರಾಟ ಏನಾದರೂ ನೋಂದಣಿಯಾಗಿದೆಯೇ ಎಂದು ತಿಳಿಸುವ ಕಾಗದ ಅದು.

ನಮ್ಮ ಭಾಗದ ಹಳೆಯ ಕಾಗದಗಳಿಗೆ ಒಂದು ವಿಶೇಷವಿದೆ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿನ ಆಡಳಿತದಲ್ಲಿದ್ದವು. ನಿಜಾಮರ ಕಾಲದ ಪತ್ರಗಳು ಉರ್ದುವಿನಲ್ಲಿರುತ್ತವೆ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿನ ಪತ್ರಗಳು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಸಿಗುತ್ತವೆ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಹಿಂದಿನ ಕೆಲವು ದಾಖಲೆಗಳಿಗಾಗಿ ರಾಯಚೂರಿನ ಕಚೇರಿಗಳಲ್ಲೂ ವಿಚಾರಿಸಬೇಕಾಗಬಹುದು. ಓದಲು ಬಾರದ ಕಾಗದವೆಂದು ಪೆಟ್ಟಿಗೆಯಲ್ಲಿ ಬಿಡಬೇಡಿ. ಬಲ್ಲವರಿಂದ ಕನ್ನಡಕ್ಕೆ ಬರೆಸಿ ಇಟ್ಟುಕೊಳ್ಳಿ. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರ, ಎಷ್ಟೋ ಸಲ ಅಲ್ಲಿ ಮಾತ್ರ ಸರಿಯಾಗಿರುತ್ತದೆ.

ಎಚ್ಚರಿಕೆ: ಅಕ್ಕತಂಗಿಯರ ಪಾಲು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು 2005ರ ಉತ್ತರಾಧಿಕಾರ ತಿದ್ದುಪಡಿ ಹೇಳುತ್ತದೆ. ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. "ಅವಳದೇನೂ ತಕರಾರಿಲ್ಲ" ಎಂಬ ಬಾಯಿಮಾತನ್ನು ನಂಬಿ ಲಕ್ಷಗಟ್ಟಲೆ ಸುರಿಯಬೇಡಿ. ನೋಂದಾಯಿತ ಪಾಲುಪತ್ರವೋ, ಅವರು ಮನಸಾರೆ ಒಪ್ಪಿ ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರವೋ ಕೈಯಲ್ಲಿರಲಿ. ಅಕ್ಕತಂಗಿಯರ ಎದುರಿಗೆ ಕೂತು ನೇರವಾಗಿ ಮಾತಾಡುವುದೇ ಮರ್ಯಾದೆಯ ದಾರಿ.

ಇನ್ನೊಂದು ಅನುಮತಿಯ ವಿಷಯ. ಇಟಗಿಯ ಮಹಾದೇವ ದೇವಾಲಯದಂತೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೂ ಹಿಂದಿನಿಂದ ಇರುವ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು. ಅಂಥ ಜಾಗದಲ್ಲಿ ಹಳೆಯ ಮನೆಯನ್ನು ಕೆಡವಿದರೆ ನಿವೇಶನವೂ ಕೈಬಿಟ್ಟಂತೆಯೇ. ಆನೆಗೊಂದಿಯ ಕಡೆಯವರು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆಯನ್ನೂ ಪಡೆಯಬೇಕು.

2. ಮನೆಯ ತಪಾಸಣೆ

ಬೇಕಾದ ಸಾಮಾನು: ಟಾರ್ಚ್, ತೂಗುಗುಂಡು, ಸಣ್ಣ ಸುತ್ತಿಗೆ, ಚೂಪು ಸ್ಕ್ರೂಡ್ರೈವರ್, ಸೀಮೆಸುಣ್ಣ, ಅಳತೆ ಟೇಪು. ದಪ್ಪ ಬೂಟು ಹಾಕಿಕೊಳ್ಳಿ, ಬರಿಗೈಯನ್ನು ಕಲ್ಲಿನ ಸಂದಿಗೆ ಹಾಕಬೇಡಿ. ಬೀಗ ಹಾಕಿದ ಮನೆಯಲ್ಲಿ ಚೇಳು, ಹಾವು ಇದ್ದೇ ಇರುತ್ತವೆ.

ಗೋಡೆಯ ತಲೆಯಿಂದ ತೂಗುಗುಂಡು ಬಿಟ್ಟು ಬುಡದಲ್ಲಿ ಅಳೆಯಿರಿ. ದಪ್ಪದ ಆರನೇ ಒಂದು ಭಾಗಕ್ಕಿಂತ ಹೆಚ್ಚು ವಾಲಿದ್ದರೆ, ಅಂದರೆ ಎರಡು ಅಡಿ ಗೋಡೆ ನಾಲ್ಕು ಇಂಚಿಗಿಂತ ಹೆಚ್ಚು ವಾಲಿದ್ದರೆ, ಕೆಲಸ ಅಲ್ಲಿಗೇ ನಿಲ್ಲಿಸಿ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಗೋಡೆ ಹೊಟ್ಟೆ ಬಿಟ್ಟಿದ್ದರೂ, ಅಂದರೆ ನಡುವೆ ಉಬ್ಬಿದ್ದರೂ, ಹಾಗೆಯೇ. ಒಳಮೈ ಕಲ್ಲಿನ ಸಾಲು ಹೊರಮೈ ಸಾಲಿನಿಂದ ಬೇರ್ಪಟ್ಟಿರುವ ಲಕ್ಷಣ ಅದು. ಎರಡೂ ಮೈಗಳನ್ನು ಹಿಡಿದಿಡುವ ಉದ್ದ ಕಲ್ಲುಗಳನ್ನು ಮತ್ತೆ ಕೂರಿಸಬೇಕಾಗುತ್ತದೆ.

ಬಿರುಕು ಕಂಡ ಕೂಡಲೇ ಸಿಮೆಂಟು ತುಂಬಬೇಡಿ. ಬಿರುಕಿಗೆ ಅಡ್ಡಲಾಗಿ ಒಂದು ತೆಳ್ಳನೆಯ ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಗಾರೆಯಿಂದ ಅಂಟಿಸಿ, ಮೇಲೆ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಎಂದು ತಿಳಿಯಿರಿ. ಒಡೆಯದಿದ್ದರೆ ಬಿರುಕು ಹಳೆಯದು, ತುಂಬಬಹುದು. ಎರೆ, ಅಂದರೆ ಕಪ್ಪುಮಣ್ಣಿನ, ಭೂಮಿಯ ಮೇಲಿನ ಮನೆಗಳಲ್ಲಿ ಇದನ್ನು ಬೇಸಿಗೆ, ಮಳೆಗಾಲ ಎರಡರಲ್ಲೂ ನೋಡಬೇಕು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮೇ ತಿಂಗಳಲ್ಲಿ ಬೆರಳು ಹೋಗುವ ಬಿರುಕು ಸೆಪ್ಟೆಂಬರಿನಲ್ಲಿ ಕೂದಲಿನಷ್ಟಾಗಿರುತ್ತದೆ. ಮಸಾರಿ, ಅಂದರೆ ಕೆಂಪುಮಣ್ಣಿನ, ಭೂಮಿಯಲ್ಲಿ ಈ ಕಾಟ ಕಡಿಮೆ.

ತೊಲೆಗಳನ್ನು ನೋಡುವಾಗ ನಡುಭಾಗ ಬಿಡಿ, ಗೋಡೆಯೊಳಗೆ ಸೇರುವ ತುದಿಗಳನ್ನು ನೋಡಿ. ಗಾಳಿಯಾಡದೆ ತೇವ ನಿಲ್ಲುವುದು, ಗೆದ್ದಲು ಒಳಹೊಕ್ಕುವುದು ಅಲ್ಲಿಂದಲೇ. ಸುತ್ತಿಗೆಯಿಂದ ತಟ್ಟಿ: ಗಟ್ಟಿ ಮರ ಟಣ್ ಎನ್ನುತ್ತದೆ, ಟೊಳ್ಳು ಮರ ಡಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಅರ್ಧ ಇಂಚಿಗಿಂತ ಆಳಕ್ಕೆ ಸಲೀಸಾಗಿ ಇಳಿದರೆ ಆ ತುದಿ ಹೋಯಿತೆಂದು ಲೆಕ್ಕ. ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋಗಿ, ಪ್ರತಿ ಅಂಕಣದ ಚಿತ್ರ ಬರೆದು ಯಾವ ತೊಲೆ, ಎಷ್ಟನೇ ಜಂತೆ ಎಂದು ನಮೂದಿಸಿ. ಬಡಿಗರಿಗೆ ಈ ಹಾಳೆಯನ್ನು ಕೊಟ್ಟರೆ ಅಂದಾಜು ಸರಿಯಾಗಿ ಸಿಗುತ್ತದೆ. ಆ ಅಂದಾಜಿನ ಕಾಲುಭಾಗದಷ್ಟು ದುಡ್ಡನ್ನು ಬೇರೆಯಾಗಿ ಎತ್ತಿಡಿ. ಮಣ್ಣು ಇಳಿಸಿದ ಮೇಲೆ ಹೊಸ ಕೆಲಸ ಕಾಣದ ಹಳೆಯ ಮನೆಯಿಲ್ಲ.

3. ಕಾಲ ಮತ್ತು ಕೆಲಸಗಾರರು

ನಮ್ಮಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಕಡಿಮೆಯೆಂದು ಕಂಡರೂ ಬಂದಾಗ ಒಮ್ಮೆಲೇ ಸುರಿಯುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಸುರಿದ ಮಳೆಯಲ್ಲಿ ಈ ಭಾಗದ ಎಷ್ಟು ಮಣ್ಣಿನ ಮನೆಗಳು ನೆಲಕಚ್ಚಿದವೆಂದು ಹಿರಿಯರಿಗೆ ನೆನಪಿದೆ. ಆದ್ದರಿಂದ ಮಾಳಿಗೆ ಬಿಚ್ಚುವ ಕೆಲಸ ದೀಪಾವಳಿಯ ನಂತರ ಶುರುವಾಗಿ, ರೋಹಿಣಿ ಮಳೆಗೆ ಮುಂಚೆ, ಅಂದರೆ ಮೇ ಮೂರನೇ ವಾರದೊಳಗೆ ಮುಗಿಯಬೇಕು. ಸುಣ್ಣದ ಗಾರೆಯನ್ನು ಚಳಿಗಾಲದಲ್ಲೇ ಮಾಡಿಸಿ. ಏಪ್ರಿಲ್ ಬಿಸಿಲಿಗೆ ಅದು ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ.

ಸುಣ್ಣ, ಮಣ್ಣಿನ ಕೆಲಸ ಬಲ್ಲ ಗೌಂಡಿಗಳು ಈಗ ಕಡಿಮೆ. ಸುಗ್ಗಿ ಮುಗಿಯುತ್ತಿದ್ದಂತೆ ಎಷ್ಟೋ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ದಸರೆಯ ಹೊತ್ತಿಗೇ ಮಾತಾಡಿ, ಮುಂಗಡ ಕೊಟ್ಟು ಗೊತ್ತು ಮಾಡಿ. ಸಿಮೆಂಟಿನ ಕೆಲಸ ಮಾತ್ರ ಗೊತ್ತಿರುವವರಿಗೆ ಇಡೀ ಮನೆಯ ಗುತ್ತಿಗೆ ಕೊಡಬೇಡಿ. ಮಣ್ಣಿನ ಗೋಡೆ ಕಂಡರೆ ಅವರ ಬಾಯಿಂದ ಬರುವ ಮೊದಲ ಮಾತೇ ಕೆಡವೋಣ ಎಂಬುದು. ವಯಸ್ಸಾದ ಗೌಂಡಿಯೊಬ್ಬರನ್ನು ದಿನಗೂಲಿಗೆ ಕರೆತಂದು, ಜೊತೆಗೆ ಹುಡುಗರನ್ನು ಕೊಟ್ಟರೆ ಕೆಲಸವೂ ಆಗುತ್ತದೆ, ವಿದ್ಯೆಯೂ ದಾಟುತ್ತದೆ.

4. ನೆಲದ ನೀರು ಮತ್ತು ಹಗೇವು

ನಿಮ್ಮ ಓಣಿಯಲ್ಲಿ ಸಿಸಿ ರಸ್ತೆ ಆಗಿದೆಯೇ? ಹಳೆಯದನ್ನು ಕೀಳದೆ ಅದರ ಮೇಲೆಯೇ ಮತ್ತೊಂದು ಪದರ ಹಾಕಿ ಹಾಕಿ ರಸ್ತೆ ಏರಿರುತ್ತದೆ, ಮನೆ ತಗ್ಗಿಗೆ ಬಿದ್ದಿರುತ್ತದೆ. ಮೊದಲು ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಕಟ್ಟೆಗೆ ಈಗ ಇಳಿದು ಹೋಗಬೇಕು. ಇಂಥಲ್ಲಿ ಮನೆಯೊಳಗಿನ ನೆಲವನ್ನೆಲ್ಲ ಏರಿಸುವವರಿದ್ದಾರೆ. ಬೇಡ, ತಲೆಬಾಗಿಲು ಗಿಡ್ಡವಾಗುತ್ತದೆ, ತೇವ ಗೋಡೆಯಲ್ಲಿ ಇನ್ನೂ ಮೇಲಕ್ಕೇರುತ್ತದೆ. ಬದಲಿಗೆ ರಸ್ತೆಯ ಬದಿಗೆ ಒಂದು ಅಡ್ಡಗಟ್ಟೆ ಕಟ್ಟಿ, ಗೋಡೆಯಿಂದ ಎರಡು ಅಡಿ ಆಚೆ ಚರಂಡಿ ತೆಗೆದು, ಗೋಡೆಯ ಬುಡದಿಂದ ಚರಂಡಿಯ ಕಡೆಗೆ ಇಳಿಜಾರಾಗಿ ಹಾಸುಗಲ್ಲು ಹಾಕಿಸಿ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶದಲ್ಲಿ, ಗಂಗಾವತಿ, ಕಾರಟಗಿ, ಸಿಂಧನೂರು ಕಡೆ, ಸಮಸ್ಯೆ ಬೇರೆ. ಭತ್ತದ ಗದ್ದೆಗಳಿಗೆ ನೀರು ನಿಂತು ನಿಂತು ಅಂತರ್ಜಲ ಮೇಲೆ ಬಂದಿದೆ, ಭೂಮಿ ಸವಳಾಗಿದೆ. ಆ ಉಪ್ಪು ತೇವದೊಡನೆ ಗೋಡೆಗೆ ಏರಿ, ನೀರು ಆರಿದ ಮೇಲೆ ಬಿಳಿಯ ಹುಡಿಯಾಗಿ ಮೈಮೇಲೆ ಉಳಿಯುತ್ತದೆ. ಅದನ್ನು ಒಣ ಬ್ರಷ್ಷಿನಿಂದ ಉದುರಿಸಿ ಬುಟ್ಟಿಯಲ್ಲಿ ಹಿಡಿದು ಹೊರಗೆ ಹಾಕಿ. ನೀರಿನಿಂದ ತೊಳೆದರೆ ಉಪ್ಪು ಮತ್ತೆ ಗೋಡೆಯ ಒಳಗೇ ಹೋಗುತ್ತದೆ. ಬುಡದ ಮೂರು ಅಡಿಯಷ್ಟು ಗಾರೆಯನ್ನು ಕೆತ್ತಿ ತೆಗೆದು, ಒಂದು ಬೇಸಿಗೆ ಪೂರ್ತಿ ಗೋಡೆ ಉಸಿರಾಡಲು ಬಿಡಿ.

ಇನ್ನು ಹಗೇವು. ಪಡಸಾಲೆಯಲ್ಲೋ ಅಂಗಳದಲ್ಲೋ ನೆಲ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಒಂದು ಹಾಸುಗಲ್ಲು ಮಾತ್ರ ದುಂಡಗಿದ್ದರೆ, ಅಲ್ಲಿ ಹಗೇವು ಇರಬಹುದು. ಜೋಳ ತುಂಬಿಡುತ್ತಿದ್ದ ಈ ಗುಂಡಿ ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಆಳ ಒಂದಾಳು ಮೀರಿದ್ದು. ಎಚ್ಚರಿಕೆ: ಕಲ್ಲು ಸರಿಸಿದ ಕೂಡಲೇ ಯಾರನ್ನೂ ಒಳಗೆ ಇಳಿಸಬೇಡಿ. ಮುಚ್ಚಿದ ಗುಂಡಿಯ ತಳದಲ್ಲಿ ಇಂಗಾಲದ ಡೈಆಕ್ಸೈಡ್ ಕೂತಿರುತ್ತದೆ, ಆಮ್ಲಜನಕ ಇರುವುದಿಲ್ಲ. ಇಳಿದವರು ಕೂಗುವ ಮೊದಲೇ ಎಚ್ಚರ ತಪ್ಪುತ್ತಾರೆ, ಎತ್ತಲು ಹೋದವರೂ ಬೀಳುತ್ತಾರೆ. ಮುಚ್ಚುವುದಾದರೆ ಇಳಿಯುವ ಅಗತ್ಯವೇ ಇಲ್ಲ. ಮೇಲಿನಿಂದಲೇ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಸುರಿದು, ಅರ್ಧ ಅಡಿಗೊಮ್ಮೆ ನೀರು ಹಾಕಿ, ಉದ್ದ ಕೋಲಿನ ಗುದ್ದುಗೆಯಿಂದ ಬಡಿಯುತ್ತ ತುಂಬಿಸಿ. ಕಟ್ಟಡದ ಅವಶೇಷ, ಪ್ಲಾಸ್ಟಿಕ್, ಎರೆಮಣ್ಣು ತುಂಬಿದರೆ ಎರಡು ಮಳೆಗಾಲದಲ್ಲಿ ನೆಲ ಕುಸಿಯುತ್ತದೆ. ತುಂಬದೆ ಉಳಿಸಿಕೊಳ್ಳುವುದಾದರೆ ಬಾಯಿಗೆ ಕಬ್ಬಿಣದ ಸರಳಿನ ಮುಚ್ಚಳ ಹಾಕಿ ಬೀಗ ಜಡಿಯಿರಿ, ಮನೆಯಲ್ಲಿ ಮಕ್ಕಳಿದ್ದಾರೆ.

5. ಮಾಳಿಗೆ

ಇಡೀ ಕೆಲಸದ ಜೀವ ಇಲ್ಲಿದೆ. ಮಾಳಿಗೆಯ ರಚನೆ ಕೆಳಗಿನಿಂದ ಮೇಲಕ್ಕೆ ಹೀಗೆ: ತೊಲೆ, ಜಂತೆ, ಅದರ ಮೇಲೆ ಹಲಗೆ ಅಥವಾ ಕಲ್ಲಿನ ಚಪ್ಪಡಿ, ಮೇಲೆ ಬೇವಿನ ಸೊಪ್ಪಿನದೋ ಈಚಲು ಚಾಪೆಯದೋ ಒಂದು ಹಾಸು, ಆಮೇಲೆ ಬಡಿದು ಕೂರಿಸಿದ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ತೆಳು ಪದರ. ಸವಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ಮಳೆಹನಿ ತಾಗಿದಾಗ ಅದರ ಕಣಗಳು ಬಿಡಿಬಿಡಿಯಾಗಿ ಹರಡಿ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ಮೇಲಿಂದಲೇ ಹರಿದು ಹೋಗುತ್ತದೆ. ಬೆಳೆಗೆ ಬೇಡವಾದ ಮಣ್ಣು ಮಾಳಿಗೆಗೆ ಬೇಕಾದದ್ದು ಇದಕ್ಕೇ.

ತೊಂದರೆ ಎಲ್ಲಿ ಎಂದರೆ, ಪ್ರತಿ ವರ್ಷ ಹಳೆಯದನ್ನು ತೆಗೆಯದೆ ಹೊಸ ಮಣ್ಣು ಹಾಕುತ್ತ ಬಂದಿರುತ್ತಾರೆ. ಹತ್ತಡಿ ಉದ್ದ, ಹತ್ತಡಿ ಅಗಲದ ಅಂಕಣದ ಮೇಲೆ ಒಂದು ಅಡಿ ಮಣ್ಣಿದ್ದರೆ ಅದರ ತೂಕವೇ ನಾಲ್ಕೂವರೆ ಟನ್ನಿಗೆ ಕಡಿಮೆಯಿಲ್ಲ. ಒಂದೂವರೆ ಅಡಿಯಾದರೆ ಲೆಕ್ಕ ಹಾಕಿ ನೋಡಿ. ನೆನೆದಾಗ ಇನ್ನೂ ಹೆಚ್ಚು.

ಬಿಚ್ಚುವ ಕ್ರಮ: ಮೊದಲು ಪ್ರತಿ ತೊಲೆಗೂ ಕೆಳಗಿನಿಂದ ಕಬ್ಬಿಣದ ಜಾಕಿಯ ಆಸರೆ ಕೊಡಿ. ಮಾಳಿಗೆಯ ಮೇಲೆ ನಡೆಯಲು ಉದ್ದ ಹಲಗೆ ಹಾಸಿ. ಜಂತೆ ಹುಳುತಿದ್ದರೆ ಕಾಲು ನೇರ ಕೆಳಗಿಳಿಯುತ್ತದೆ. ಮಣ್ಣನ್ನು ಎರಡೂ ಕಡೆಯಿಂದ ಸಮನಾಗಿ, ಪದರ ಪದರವಾಗಿ ಇಳಿಸಿ. ಒಂದೇ ಮೂಲೆಯಲ್ಲಿ ರಾಶಿ ಹಾಕಿದರೆ ಆ ಭಾರಕ್ಕೆ ಅಂಕಣ ಕುಸಿಯಬಹುದು. ಕೆಳಗೆ ಯಾರೂ ಇರಬಾರದು. ಎಲ್ಲರೂ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಲಿ. ಇಳಿಸಿದ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಕಳಿಸಬೇಡಿ, ಜರಡಿ ಹಿಡಿದು ಹಿತ್ತಿಲಲ್ಲಿ ಒಟ್ಟಿ. ಮೇಲಿನ ಸವಳು ಪದರವನ್ನು ಬೇರೆ ಇಟ್ಟು ಉಳಿದದ್ದನ್ನು ಗೋಡೆಗೆ ಬಳಸಬಹುದು.

ತೊಲೆ, ಜಂತೆಗಳನ್ನು ಸರಿಪಡಿಸಿದ ಮೇಲೆ (ಅದರ ಬಗೆ 7ನೇ ಭಾಗದಲ್ಲಿದೆ) ಎರಡು ದಾರಿಗಳಿವೆ. ಊರಲ್ಲೇ ವಾಸವಿದ್ದು ವರ್ಷಕ್ಕೊಮ್ಮೆ ಮಾಳಿಗೆ ನೋಡಿಕೊಳ್ಳುವವರು ಹಳೆಯ ಪದ್ಧತಿಯನ್ನೇ ಇಟ್ಟುಕೊಳ್ಳಿ. ಮಣ್ಣು ಎಂಟೊಂಬತ್ತು ಇಂಚು ಮೀರದಿರಲಿ, ಮಳೆಗೆ ಮುಂಚೆ ಮೇಲಿನ ಇಂಚು ಮಣ್ಣನ್ನು ಕೆರೆದು ತೆಗೆದೇ ಹೊಸ ಸವಳು ಹರಡಿ. ಅಷ್ಟು ಪುರುಸೊತ್ತಿಲ್ಲದವರಿಗೆ ಗಚ್ಚಿನ ಮಾಳಿಗೆ. ಹೊಟ್ಟು ಬೆರೆಸಿದ ಮಣ್ಣನ್ನು ನಾಲ್ಕು ಇಂಚಿಗೆ ಬಡಿದು ಕೂರಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಾರೆಯನ್ನು ಮೂರು ಇಂಚು ಹಾಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಮರದ ಬಡಿಗೆಯಿಂದ ದಿನಗಟ್ಟಲೆ ಬಡಿಯುವುದು. ಬಡಿಗೆ ಮೈಗೆ ತಾಗಿ ಪುಟಿಯುವಷ್ಟು ಗಟ್ಟಿಯಾಗಬೇಕು. ಒಂದು ಅಡಿ ಮಣ್ಣಿಗೆ ಹೋಲಿಸಿದರೆ ಮೂರನೇ ಒಂದಕ್ಕಿಂತ ಹೆಚ್ಚು ಭಾರ ಇಳಿಯುತ್ತದೆ. ಯಾವ ದಾರಿಯಾದರೂ ದೋಣಿಯ ಕಡೆಗೆ ಐದು ಅಡಿಗೆ ಒಂದು ಇಂಚಿನಷ್ಟು ಇಳಿಜಾರು ಇರಲಿ, ದೋಣಿ ಗೋಡೆಯಿಂದ ಎರಡು ಅಡಿಯಾದರೂ ಹೊರಚಾಚಲಿ.

ಎಚ್ಚರಿಕೆ: ಮಣ್ಣಿನ ಗೋಡೆಯ ಮೇಲೆ ಆರ್‌ಸಿಸಿ ಸ್ಲ್ಯಾಬ್. ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಭಾರದಲ್ಲಿ ಐದು ಇಂಚಿನ ಸ್ಲ್ಯಾಬ್ ಒಂದು ಅಡಿ ಮಣ್ಣಿಗಿಂತ ಹಗುರವೇ; "ಅಷ್ಟು ಭಾರ ಹೊತ್ತ ಗೋಡೆ ಇದನ್ನು ಹೊರದೇ?" ಎಂದು ಮೇಸ್ತ್ರಿ ಕೇಳಿದರೆ ತಲೆದೂಗುವಂತಿರುತ್ತದೆ. ಸಮಸ್ಯೆ ಭಾರದ್ದಲ್ಲ. ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ದಿನವೂ ಹೀಗೆ ಸರಿದಾಡಿ ಮೆತ್ತನೆಯ ಮಣ್ಣುಗಾರೆಯ ಗೋಡೆಯ ತಲೆಯನ್ನು ಅರೆಯುತ್ತದೆ. ಮರದ ಮಾಳಿಗೆಯಾದರೆ ಗೋಡೆಯ ಸಣ್ಣ ಕದಲಿಕೆಗೆ ತಾನೂ ಬಗ್ಗಿಕೊಡುತ್ತದೆ, ಸ್ಲ್ಯಾಬ್ ಬಗ್ಗುವುದಿಲ್ಲ. ಮನೆಯೊಳಗಿನ ತಂಪೂ ಹೋಗುತ್ತದೆ. ಸ್ಲ್ಯಾಬ್ ಬೇಕೇಬೇಕೆಂದರೆ ಅದಕ್ಕೆ ತನ್ನದೇ ಕಾಲಂಗಳು ಬೇಕು, ಎಂಜಿನಿಯರ್ ಬರೆದ ನಕ್ಷೆ ಬೇಕು.

ಮಣ್ಣಿನ ನಡುವೆ ಪ್ಲಾಸ್ಟಿಕ್ ತಾಡಪತ್ರಿ ಹುಗಿಯುವುದೂ ಬೇಡ. ಒಂದು ಕಡೆ ಹರಿದರೆ ನೀರು ಎಲ್ಲೋ ಇಳಿದು ಮತ್ತೆಲ್ಲೋ ತೊಟ್ಟಿಕ್ಕುತ್ತದೆ. ಮೂಲ ಹುಡುಕಲು ಇಡೀ ಮಾಳಿಗೆ ಬಿಚ್ಚಬೇಕಾಗುತ್ತದೆ.

6. ಗೋಡೆ

ಮಣ್ಣುಗಾರೆಯ ಗೋಡೆ ನೆಲದಿಂದಲೂ ಗಾಳಿಯಿಂದಲೂ ತೇವ ಹೀರಿ ಮತ್ತೆ ಹೊರಗೆ ಬಿಡುತ್ತಿರುತ್ತದೆ. ಸಿಮೆಂಟ್ ಪ್ಲಾಸ್ಟರ್ ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ಉಳಿದು ಮಣ್ಣು ಮೆತ್ತಗಾಗುತ್ತದೆ. ಹೊರಗಿನಿಂದ ಗೋಡೆ ಗಟ್ಟಿಯಾಗಿ ಕಾಣುತ್ತಿರುವಾಗಲೇ ಒಳಗೆ ಕರಗುತ್ತಿರುತ್ತದೆ, ಕೆಲವು ವರ್ಷಗಳಲ್ಲಿ ಪ್ಲಾಸ್ಟರ್ ಹಾಳೆಹಾಳೆಯಾಗಿ ಕಳಚಿ ಬೀಳುತ್ತದೆ. ಹೊರಗೋಡೆಗೆ ಸುಣ್ಣದ ಗಾರೆ, ಒಳಗೋಡೆಗೆ ಮಣ್ಣಿನ ಗಾರೆ ಮತ್ತು ಮೇಲೆ ಸುಣ್ಣ, ಇಷ್ಟೇ ಸಾಕು. ಇತ್ತೀಚೆಗೆ ಗಾರೆಯನ್ನೆಲ್ಲ ಕೆತ್ತಿ ಕಲ್ಲು ಕಾಣುವಂತೆ ಮಾಡಿ ಸಂದಿಗೆ ಸಿಮೆಂಟ್ ತುಂಬುವುದು ರೂಢಿಯಾಗಿದೆ. ಚಿತ್ರಕ್ಕೆ ಚೆನ್ನ, ಗೋಡೆಗೆ ಕೇಡು.

ಸುಣ್ಣ ಅರಳಿಸುವುದು: ಸುಟ್ಟ ಸುಣ್ಣದ ಹರಳನ್ನು ತೊಟ್ಟಿಯ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಹರಳಿನ ಮೇಲೆ ನೀರು ಸುರಿಯಬಾರದು. ನೀರು ಕೊತಕೊತ ಕುದಿದು ಸಿಡಿಯುತ್ತದೆ. ಕಣ್ಣಿಗೆ ಒಂದು ಹನಿ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಯಾರೂ ಹತ್ತಿರ ಹೋಗಬಾರದು, ಮಕ್ಕಳನ್ನು ಅಂಗಳಕ್ಕೇ ಬಿಡಬೇಡಿ. ಎರಡು ವಾರವಾದರೂ ನೀರಿನಲ್ಲೇ ಇಟ್ಟು, ಬೆಣ್ಣೆಯಂತಾದ ಮೇಲೆ ಒಂದು ಪಾಲಿಗೆ ಮೂರು ಪಾಲು ಜರಡಿ ಹಿಡಿದ ಮರಳು ಸೇರಿಸಿ ಅರೆಯಬೇಕು. ಹಚ್ಚಿದ ಮೇಲೆ ಒದ್ದೆ ಗೋಣಿಚೀಲ ತೂಗುಬಿಟ್ಟು ವಾರವಿಡೀ ತೇವವಾಗಿಡಿ.

ಒಳಗೋಡೆಯ ಮಣ್ಣಿಗೆ ಸೀಸೆ ಪರೀಕ್ಷೆ ಮಾಡಿ. ಗಾಜಿನ ಸೀಸೆಗೆ ಮೂರನೇ ಒಂದರಷ್ಟು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಅದರ ಮೇಲೆ ನುಣುಪು ಹುಡಿ, ಎಲ್ಲಕ್ಕೂ ಮೇಲೆ ಜೇಡಿ ಬೇರೆಬೇರೆಯಾಗಿ ಕೂರುತ್ತವೆ. ಜೇಡಿ ಸುಮಾರು ಕಾಲುಭಾಗ ಇದ್ದರೆ ಗಾರೆಗೆ ಹದ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಒಣಗುವಾಗ ಬಿರಿಯುತ್ತದೆ, ಮರಳೋ ಮಸಾರಿಯೋ ಬೆರೆಸಿ. ಬರೀ ಎರೆಮಣ್ಣನ್ನು ಗೋಡೆಗೆ ಎಂದೂ ಹಚ್ಚಬೇಡಿ. ಹೊಟ್ಟು, ಸಗಣಿ ಸೇರಿಸಿ ವಾರ ಕೊಳೆಯಿಸಿ, ಕಾಲಿನಿಂದ ತುಳಿದು ಹಚ್ಚಿಸಿ. ಮೊದಲು ಮೂಲೆಯೊಂದರಲ್ಲಿ ಮೊಳದಗಲ ಹಚ್ಚಿ ಒಣಗಲು ಬಿಟ್ಟು ನೋಡುವುದು ಒಳ್ಳೆಯದು.

ಎಚ್ಚರಿಕೆ: ಸುಣ್ಣದ ಗೋಡೆಯ ಮೇಲೆ ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಬೇಡ. ಸಿಮೆಂಟಿನ ತಪ್ಪೇ ತೆಳ್ಳಗಾಗಿ ಮರಳಿ ಬಂದಂತೆ. ಬಣ್ಣ ಬೇಕೆಂದರೆ ಸುಣ್ಣಕ್ಕೇ ಕೆಮ್ಮಣ್ಣು, ಹಳದಿ ಮಣ್ಣು ಬೆರೆಸಿ.

7. ಮರ

ತುದಿ ಮಾತ್ರ ಹುಳುತ ತೊಲೆಯನ್ನು ಇಡಿಯಾಗಿ ಎಸೆಯಬೇಕಿಲ್ಲ. ಕೆಟ್ಟ ಭಾಗ ಕೊಯ್ದು, ಅದೇ ಜಾತಿಯ ಹಳೆಯ ಮರದ ತುಂಡನ್ನು ಓರೆ ಬೆಸುಗೆಯಲ್ಲಿ ಸೇರಿಸಿ, ಎರಡೂ ಬದಿಗೆ ಕಬ್ಬಿಣದ ಪಟ್ಟಿಯಿಟ್ಟು ಬೋಲ್ಟ್ ಬಿಗಿದರೆ ಸಾಕು. ಗೋಡೆಯೊಳಗೆ ಹೋಗುವ ತುದಿಯ ಸುತ್ತ ಬೆರಳಗಲ ಜಾಗ ಬಿಡಿ, ಗಾಳಿಯಾಡಲಿ. ಗೆದ್ದಲಿಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಬಳಿಸಿ. ಗ್ಯಾರೇಜಿನ ಕರಿ ಆಯಿಲ್ ಬಳಿಯುವ ಚಾಳಿ ನಮ್ಮಲ್ಲಿದೆ. ಮನೆಯೊಳಗೆ ಅದರ ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ, ಬೆಂಕಿಗೂ ದಾರಿ.

ಅಡುಗೆಮನೆಯ ತೊಲೆಗಳ ಮಸಿಯನ್ನು ಯಂತ್ರದಿಂದ ಉಜ್ಜಿಸಬೇಡಿ, ಕೆತ್ತನೆಯ ಅಂಚು ಅಳಿಸಿಹೋಗುತ್ತದೆ. ಸಾಬೂನಿನ ನೀರು, ನಾರಿನ ಬ್ರಷ್ಷು, ತಾಳ್ಮೆ ಸಾಕು. ಒಣಗಿದ ಮೇಲೆ ಅಗಸೆ ಎಣ್ಣೆ ಒರೆಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ಅದ್ದಿ, ಹೊರಗೆ ಬಿಡಿಸಿ ಒಣಗ ಹಾಕಿ. ಕೆತ್ತನೆಯ ತಲೆಬಾಗಿಲನ್ನೋ ಬೋದಿಗೆಯನ್ನೋ ಕೊಳ್ಳಲು ಜನ ಬಂದೇ ಬರುತ್ತಾರೆ. ಕೊಡಬೇಡಿ. ಅವರು ಕೊಡುವ ದುಡ್ಡಿಗೆ ಅಂಥದ್ದು ಮತ್ತೆ ಮಾಡಿಸಲಾಗದು.

8. ಬಚ್ಚಲು, ನೀರು, ಕರೆಂಟು

ನೀರಿನ ಕೋಣೆಗಳು ಮಣ್ಣಿನ ಗೋಡೆಗೆ ತಾಗಬಾರದು. ಶೌಚಾಲಯ, ಸ್ನಾನದ ಮನೆಗಳನ್ನು ಹಿತ್ತಿಲಲ್ಲಿ ಅಥವಾ ಹಳೆಯ ಕೊಟ್ಟಿಗೆಯ ಜಾಗದಲ್ಲಿ, ಬೇರೆ ತಳಪಾಯದ ಮೇಲೆ, ಇಟ್ಟಿಗೆ ಸಿಮೆಂಟಿನಲ್ಲೇ ಕಟ್ಟಿಸಿ. ನಡುವೆ ಮಾಡಿನ ಹಾದಿ ಇರಲಿ. ವಯಸ್ಸಾದ ತಂದೆತಾಯಿ ರಾತ್ರಿ ನಡೆದು ಹೋಗುವ ದಾರಿ ಅದು. ಅಲ್ಲಿ ದೀಪ, ಹಿಡಿಕೆ, ಜಾರದ ಕಲ್ಲು ಕಡ್ಡಾಯ. ಹೊಸ್ತಿಲುಗಳು ಎತ್ತರವಿದ್ದರೆ ಅವರ ಕೋಣೆಯ ಮುಂದೆ ಮರದ ಸಣ್ಣ ಇಳಿಜಾರು ಮಾಡಿಸಿ, ಹೊಸ್ತಿಲನ್ನು ಕೊಯ್ಯಬೇಡಿ.

ಸಾವಿರ ಲೀಟರ್ ನೀರೆಂದರೆ ಒಂದು ಟನ್. ಮಾಳಿಗೆಯ ಮೇಲೆ ಟ್ಯಾಂಕ್ ಇಡಬೇಡಿ, ಹಿತ್ತಿಲಲ್ಲಿ ಕಬ್ಬಿಣದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಮಾಳಿಗೆಯ ಮೇಲೆ ಪೈಪೂ ಹಾಯಬಾರದು.

ವೈರಿಂಗ್ ಪೂರ್ತಿ ಹೊಸದಾಗಲಿ. ಗೋಡೆ ಕೊರೆದು ಪೈಪ್ ಹುಗಿಯದೆ ಗೋಡೆಯ ಮೇಲೆಯೇ ಕೊಳವೆಯಲ್ಲಿ ಎಳೆಸಿ; ಮಾಳಿಗೆಯ ಮಣ್ಣಿನಲ್ಲಿ ಇಲಿಗಳಿರುತ್ತವೆ, ಬರೀ ವೈರು ಬಿಟ್ಟರೆ ಕಡಿಯುತ್ತವೆ. ಅರ್ತಿಂಗ್ ಹೊಸದಾಗಿ ಮಾಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ವಿದ್ಯುತ್ ಸೋರಿಕೆಯಾದ ಕ್ಷಣವೇ ಸಂಪರ್ಕ ಕಡಿಯುವ ಸಾಧನ ಅದು. ಗೀಸರ್, ಮೋಟಾರು ಸೇರಿಸುವುದಾದರೆ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಿ.

9. ಬೆಳಕು ಮತ್ತು ನೆಲ

ಹಳೆಯ ಮನೆಯ ಬಗ್ಗೆ ಸೊಸೆಯಂದಿರ ದೂರು ಒಂದೇ, ಒಳಗೆ ಕತ್ತಲು. ದೂರು ನ್ಯಾಯವಾದದ್ದೇ. ಮುಚ್ಚಿಹೋದ ಬೆಳಕಿಂಡಿಗಳನ್ನು ತೆರೆಸಿ. ಸುತ್ತ ಅರ್ಧ ಅಡಿ ಎತ್ತರದ ಕಟ್ಟೆ ಕಟ್ಟಿ, ಮೇಲೆ ದಪ್ಪ ಗಾಜು, ಪಕ್ಕದಲ್ಲಿ ಜಾಲರಿ ಹಾಕಿದರೆ ಬೆಳಕೂ ಬರುತ್ತದೆ, ಬಿಸಿ ಗಾಳಿಯೂ ಮೇಲೇರಿ ಹೋಗುತ್ತದೆ, ಕೋತಿ ಇಳಿಯುವುದಿಲ್ಲ. ಹೊಸ ಕಿಟಕಿ ಒಡೆಸುವುದಾದರೆ ಮೂಲೆಯಿಂದ ಮೂರು ಅಡಿಯಾಚೆ, ತೊಲೆ ಕೂತ ಜಾಗ ತಪ್ಪಿಸಿ, ಮೇಲೆ ಕಲ್ಲಿನ ತೊಲೆ ಕೊಟ್ಟು ಒಡೆಸಿ. ನೆಲಕ್ಕೆ ಹೊಳೆಯುವ ಟೈಲ್ಸ್ ಬದಲು ಶಹಾಬಾದ್ ಫರಸಿಯನ್ನು (ಹಾಸುಗಲ್ಲು) ಸುಣ್ಣದ ಗಾರೆಯಲ್ಲಿ ಕೂರಿಸಿ. ನೆಲದ ತೇವ ಸಂದಿಯಿಂದ ಆರಿಹೋಗುತ್ತದೆ. ಟೈಲ್ಸ್ ಹಾಕಿದರೆ ಅದು ಗೋಡೆಯ ಬುಡ ಹುಡುಕಿ ಹೋಗುತ್ತದೆ.

10. ಮೊದಲ ಮಳೆಗಾಲ

ಒಳಗೋಡೆಗೆ ಬಣ್ಣ ಹಚ್ಚುವ ಮೊದಲು ಒಂದು ಮಳೆಗಾಲ ಆ ಮನೆಯಲ್ಲಿ ಇದ್ದು ನೋಡಿ. ಜೋರು ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಪ್ರತಿ ಅಂಕಣ ಸುತ್ತಿ. ತೇವದ ಕಲೆ ಕಂಡಲ್ಲಿ ಅದರ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಹಾಕಿ. ಮುಂದಿನ ಮಳೆಗೆ ಕಲೆ ಗೆರೆ ದಾಟಿದ್ದರೆ ಮೇಲೆ ಹತ್ತಿ ನೇರ ಆ ಜಾಗದಲ್ಲಿ ಮಾತ್ರವಲ್ಲ, ಅದಕ್ಕಿಂತ ಎತ್ತರದ ಕಡೆಗೂ ನಾಲ್ಕಾರು ಅಡಿ ಹುಡುಕಿ. ಬಹುತೇಕ ಸೋರಿಕೆ ಕುಂಬಿ ಮತ್ತು ಮಾಳಿಗೆ ಕೂಡುವ ಮೂಲೆಯಲ್ಲಿ, ಇಲ್ಲವೇ ದೋಣಿಯ ಬಾಯಲ್ಲಿ ಸಿಗುತ್ತದೆ. ಅಲ್ಲಿ ಸುಣ್ಣದ ಗಾರೆಯನ್ನು ಮೂಲೆಗೆ ಇಳಿಜಾರಾಗಿ ಬಳಿದು ಸರಿಪಡಿಸಿ.

ಆಮೇಲೆ ಪ್ರತಿ ವರ್ಷ, ರೋಹಿಣಿಗೆ ಮುಂಚೆ ಒಮ್ಮೆ, ದೀಪಾವಳಿಗೆ ಒಮ್ಮೆ ಮಾಳಿಗೆ ಹತ್ತಿ. ದೋಣಿಯಲ್ಲಿ ಸೇರಿದ ಎಲೆಕಸ ತೆಗೆಯಿರಿ. ಕುಂಬಿಯ ಸಂದಿಯಲ್ಲಿ ಮೊಳೆತ ಅರಳಿ, ಬಸರಿ ಸಸಿಗಳನ್ನು ಬೇರುಸಹಿತ ಕೀಳಿ. ಬೆರಳುದ್ದ ಇರುವಾಗ ಅವು ಕೈಗೆ ಬರುತ್ತವೆ. ಎರಡು ವರ್ಷ ಬಿಟ್ಟರೆ ಗೋಡೆ ಬಿಚ್ಚದೆ ಬರುವುದಿಲ್ಲ.